ಮದುವೆಗೆ ಹೋದ ಗಾಡಿ

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಆ ಅಡ್ಡರಸ್ತೆಯಲ್ಲಿ ಯಶೋದಾ ಹುಟ್ಟಿದಾಗಿನಿಂದ ಇದ್ದಾಳೆ. ಆದರೆ ಅವಳು ಅಲ್ಲಿದ್ದಾಳೆಂಬುದು ಜನರ ಲೆಕ್ಕಕ್ಕೆ ಬಂದದ್ದು ಅವಳಿಗೆ ಗಾಡಿ ಬಂದ ಮೇಲೆ. ಹಾಗೆಂದು ಮುಂಚೆ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಹುಲಿಗೆಮ್ಮನ ಮಗಳಿಗೆ ಎರಡನೇ ವರ್ಷಕ್ಕೆ ಪೋಲಿಯೋ ಆಗಿ ಎಡಗಾಲು ಸೊರಗಿದೆ, ಊರುಗೋಲಿಲ್ಲದೆ ನಡೆಯಲಾರಳು ಎಂಬುದು ಬೀದಿಗೆಲ್ಲ ತಿಳಿದಿತ್ತು. ಮದುವೆ, ಸೀಮಂತ, ಗೃಹಪ್ರವೇಶ ಏನೇ ಇದ್ದರೂ ಬಂದು ಹುಲಿಗೆಮ್ಮನಿಗೆ ಕುಂಕುಮ ಕೊಟ್ಟು ಕರೆಯುತ್ತಿದ್ದರು. ಹೊಸ್ತಿಲು ದಾಟುವಾಗ ಒಮ್ಮೆ ಒಳಗೆ ಇಣುಕಿ, "ನೀನು ಬಂದ್ರೆ ನಮಗೂ ಸಂತೋಷನೇ ಯಶೋದಾ, ಆದ್ರೆ ನಿನಗ್ಯಾಕೆ ತೊಂದ್ರೆ" ಎನ್ನುತ್ತಿದ್ದರು. ಕರೆದದ್ದೂ ಆಯಿತು, ಬರಬೇಡ ಅಂದದ್ದೂ ಆಯಿತು. ಒಂದೇ ಮಾತಿನಲ್ಲಿ ಎರಡು ಕೆಲಸ ಮುಗಿಸುವ ಈ ಜಾಣತನಕ್ಕೆ ಯಶೋದಾ ಮೂವತ್ತಮೂರು ವರ್ಷ ತಲೆಯಾಡಿಸಿದ್ದಳು.

ಕಚೇರಿಯೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಊರವರ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ವರ್ಷಕ್ಕೊಂದರಂತೆ ನಾಲ್ಕು ವರ್ಷ ತನ್ನ ಹೆಸರಿನಲ್ಲೂ ಒಂದು ಅರ್ಜಿ ತುಂಬಿದಳು, ಅಂಗವಿಕಲರಿಗೆ ಕೊಡುವ ಸ್ಕೂಟರಿಗೆ. ಸುದ್ದಿ ತಿಳಿದು ಬೀದಿಯ ಕೊನೆಯ ದೊಡ್ಡ ಮನೆಯ ಸಾವ್ಕಾರ್ ವಾಮದೇವಪ್ಪ ಪೇಪರಿನಿಂದ ಕಣ್ಣೆತ್ತದೆ, "ಕುಂಟಂಗೆ ಎಂಟು ಚೇಷ್ಟೆ" ಅಂದಿದ್ದರು. ಅವಳಿಗೆ ಅಂದದ್ದಲ್ಲ, ಅವಳಿಗೆ ಕೇಳಿಸುವಂತೆ ಅಂದದ್ದು. ಮಂಡಿಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದವರಿಗೆ ದನಿಯನ್ನು ಎಲ್ಲಿಯವರೆಗೆ ಮುಟ್ಟಿಸಬೇಕೆಂಬ ಅಂದಾಜು ಚೆನ್ನಾಗಿಯೇ ಇರುತ್ತದೆ.

ಐದನೇ ವರ್ಷ ಗಾಡಿ ಬಂತು. ಬಿಳಿ ಸ್ಕೂಟರ್, ಹಿಂದೆ ಎರಡೂ ಬದಿಗೆ ಒಂದೊಂದು ಗಾಲಿ. ಎಸ್.ಎಸ್. ಬಡಾವಣೆಯ ಮೆಕ್ಯಾನಿಕ್ ಅಮೀರ್ ಜಾನ್ ಊರುಗೋಲು ಸಿಕ್ಕಿಸಲು ಪಕ್ಕದಲ್ಲೊಂದು ಕೊಂಡಿ, ಹಿಂದೆ ಬೀಗ ಹಾಕುವ ಒಂದು ತಗಡಿನ ಪೆಟ್ಟಿಗೆ ಕೂಡಿಸಿಕೊಟ್ಟ. ಮೊದಲ ವಾರ ಬೀದಿಯವರು ದೂರದಿಂದ ನೋಡಿದರು. ಎರಡನೇ ವಾರ ವಾಮದೇವಪ್ಪನವರ ಹೆಂಡತಿ ಮರುಳಸಿದ್ದಮ್ಮ ಮಂಡಿನೋವಿನ ಡಾಕ್ಟರ ಹತ್ತಿರ ಹೋಗಲು ಆಟೊ ಕಾಯುತ್ತ ನಿಂತಿದ್ದಾಗ ಯಶೋದಾ ತಾನಾಗಿಯೇ, "ಕೂಡ್ರಿ ಅಮ್ಮಾರೇ, ಬಿಡ್ತೀನಿ" ಅಂದಳು. ಮರುಳಸಿದ್ದಮ್ಮ ಕೂತರು. ನಾಲ್ಕು ಗಾಲಿಯ ಮೇಲೆ ಗಾಡಿ ಕಟ್ಟೆಯಷ್ಟು ಭದ್ರವಾಗಿತ್ತು. ಬಂದ ಮೇಲೆ ಈ ಮಾತು ನೀರಿನ ಟ್ಯಾಂಕಿನ ಹತ್ತಿರ ಎರಡು ಸಲ, ಹಾಲಿನ ಅಂಗಡಿಯಲ್ಲಿ ಮೂರು ಸಲ ಹೇಳಲ್ಪಟ್ಟಿತು.

ಆಮೇಲೆ ಶುರುವಾಯಿತು ನೋಡಿ. ಗ್ಯಾಸ್ ಸಿಲಿಂಡರ್ ಬೇಕೇ, ಯಶೋದಾ. ಮಗುವಿಗೆ ಸ್ಕೂಲ್ ವ್ಯಾನ್ ತಪ್ಪಿತೇ, ಯಶೋದಾ. ಬಾಣಂತಿಯನ್ನು ಕರೆತರಬೇಕೇ, ಹಿಟ್ಟಿನ ಗಿರಣಿಗೆ ಡಬ್ಬಿ ಒಯ್ಯಬೇಕೇ, ಯಶೋದಾ. ಮದುವೆ ಮುಂಜಿಗಳಿಗೆ ಈಗ ಹೊಸ್ತಿಲಿನಿಂದ ಇಣುಕುವುದಿಲ್ಲ, ನೇರ ಒಳಗೆ ಬಂದು ಅವಳ ಕೈಹಿಡಿದು, "ನೀನಿಲ್ದೆ ಆಗೋದಿಲ್ಲ" ಅನ್ನುತ್ತಾರೆ. ಹುಲಿಗೆಮ್ಮ ಮಾತ್ರ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗೊಣಗುತ್ತಿದ್ದಳು. ಯಶೋದಾ ನಗುತ್ತಿದ್ದಳು. ಅವಳಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಮೊದಲ ಸಲ ಬೀದಿಯ ಹೆಂಗಸರ ಫೋಟೋಗಳಲ್ಲಿ ಅವಳ ಮುಖವೂ ಇತ್ತು.

ಎಲ್ಲರಿಗಿಂತ ಹೆಚ್ಚಾಗಿ ವಾಣಿ. ವಾಮದೇವಪ್ಪನವರ ಮಗಳು, ಹರಿಹರದ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಸೀರೆಗೆ, ಬಳೆಗೆ, ರವಿಕೆ ಹೊಲಿಯಲು ಕೊಡುವುದಕ್ಕೆ, ಹೊಲಿದದ್ದು ಬಿಗಿಯಾಯಿತೆಂದು ಬಿಚ್ಚಿಸುವುದಕ್ಕೆ ಎಂದು ಎರಡು ತಿಂಗಳು ಚೌಕಿಪೇಟೆಗೆ ಹೋಗಿಬಂದದ್ದೆಲ್ಲ ಯಶೋದಾಳ ಹಿಂದೆ ಕೂತು. ಬೆನ್ನಿಗೆ ಒರಗಿಕೊಂಡು ಬೇರೆ ಯಾರಿಗೂ ಹೇಳದ ಮಾತೆಲ್ಲ ಹೇಳುತ್ತಿದ್ದಳು. "ಅಕ್ಕಾ, ನೀನು ಮುಂದೆ ನಿಲ್ಲದಿದ್ರೆ ನಾನು ತಾಳಿ ಕಟ್ಟಿಸ್ಕಣಲ್ಲ" ಎಂದೂ ಹೇಳಿದ್ದಳು. ಆ ಮಾತು ಯಶೋದಾಳ ಎದೆಯಲ್ಲಿ ಬೆಚ್ಚಗೆ ಕೂತಿತ್ತು.

ಮದುವೆ ಭಾನುವಾರ. ಗುರುವಾರ ಇಬ್ಬರೂ ಹೋಗಿ ಬಾಸಿಂಗ ತಂದರು. ವಾಣಿಯನ್ನು ಮನೆಗಿಳಿಸಿ ಯಶೋದಾ ಆಯಿಲ್ ಬದಲಿಸಲು ಅಮೀರ್ ಜಾನನ ಹತ್ತಿರ ಹೋದಳು. ಅವನು ಮೀಟರ್ ನೋಡಿ ಹುಬ್ಬೇರಿಸಿದ.

"ಅಕ್ಕಾ, ಮನೆಯಿಂದ ಅಂಗಡಿಗೆ ಎಷ್ಟು ದೂರ?"

"ಎರಡು ಕಿಲೋಮೀಟರ್."

"ಹೋಗಾಕೆ ಬರಾಕೆ ನಾಲ್ಕು. ಗಾಡಿ ಬಂದು ವರ್ಷ ಆತು, ಸಾವಿರದಿನ್ನೂರು ಅಂತಿಟ್ಕಳ್ರಿ. ಇದು ಒಂಬತ್ತು ಸಾವಿರ ತೋರಿಸ್ತೈತೆ. ಉಳಿದದ್ದೆಲ್ಲ ಯಾರ್ದು?"

ಯಶೋದಾ ಸ್ವಲ್ಪ ಯೋಚಿಸಿ, "ಬೀದಿದು" ಅಂದಳು.

"ತಪ್ಪು ತಿಳ್ಕಬ್ಯಾಡ್ರಿ. ಗಾಡಿ ಇಲ್ದೆ ಬರೇ ನಿಮ್ಮನ್ನ ಯಾರಾದ್ರೂ ಕರ್ದಾರೇನು?"

"ವಾಣಿ ಕರೀತಾಳೆ."

"ಕರೆದ್ರೆ ಒಳ್ಳೇದೇ ಬಿಡ್ರಿ" ಎಂದು ಅವನು ಎಣ್ಣೆ ಕೈ ಒರೆಸಿಕೊಂಡ. "ಆ ಸ್ವಿಚ್ ಐತಲ್ಲ, ಒಂದು ಮೂರು ದಿನ ಆಫ್ ಮಾಡಿ ನೋಡ್ರಿ."

ಸ್ವಿಚ್ ಎಂದರೆ ಕಳ್ಳರ ಭಯಕ್ಕೆ ಅವನೇ ಸೀಟಿನಂಚಿನ ಕೆಳಗೆ ಗುಟ್ಟಾಗಿ ಕೂಡಿಸಿದ್ದ ಗುಂಡಿ. ಬೆರಳು ತೂರಿಸಿ ಒತ್ತಿದರೆ ಗಾಡಿ ಸ್ಟಾರ್ಟ್ ಆಗದು. ಅದು ಗೊತ್ತಿದ್ದದ್ದು ಅವರಿಬ್ಬರಿಗೇ. ಯಶೋದಾ ಅವನ ಮಾತಿಗೆ ಬಯ್ದು ಹೊರಟಳು. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆ ಚಪ್ಪಲಿಯೊಳಗಿನ ಹರಳಿನಂತೆ ಒತ್ತುತ್ತಲೇ ಇತ್ತು. ಅಡ್ಡರಸ್ತೆಗೆ ತಿರುಗಿ ವಾಮದೇವಪ್ಪನವರ ಮನೆಯ ಮುಂದೆ ಬಂದಾಗ ಅವಳ ಬೆರಳು ತಾನಾಗಿಯೇ ಸೀಟಿನ ಕೆಳಗೆ ಹೋಯಿತು. ಗಾಡಿ ಕೆಮ್ಮಿ ನಿಂತಿತು.

ಐದು ನಿಮಿಷದಲ್ಲಿ ಬೀದಿಯೇ ನೆರೆಯಿತು. ಒಬ್ಬರು ಪೆಟ್ರೋಲ್ ನೋಡಿದರು, ಒಬ್ಬರು ಗಾಲಿ ಒದ್ದರು, ವಾಮದೇವಪ್ಪನವರ ಮಗ ವೀರೇಶ್ ಬಗ್ಗಿ ಮೂಸಿ, "ಕಾಯ್ಲ್ ಹೋಗೈತೆ" ಎಂದು ತೀರ್ಪು ಕೊಟ್ಟ. ಗಾಡಿಯನ್ನು ಯಶೋದಾಳ ಮನೆಯ ಗೇಟಿಗೆ ತಳ್ಳಿ ತಂದರು. ಸಂಜೆ ಮರುಳಸಿದ್ದಮ್ಮ ನಿಂಬೆಹಣ್ಣು ನಿವಾಳಿಸಿ ಗಾಲಿಯ ಕೆಳಗಿಟ್ಟರು. "ಯಾರ ಕಣ್ಣು ಬಿತ್ತೋ, ಹತ್ತು ಮಂದಿಗೆ ಆಗ್ತಿತ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರನೇ ದಿನವೆಲ್ಲ ಜನ ಬಂದು ಗೇಟಿನಲ್ಲಿ ನಿಂತು, "ಹೆಂಗೈತೆ ಈಗ?" ಎಂದು ವಿಚಾರಿಸುತ್ತಿದ್ದರು. ಕಾಯಿಲೆಯವರನ್ನು ನೋಡಲು ಬಂದವರ ದನಿ ಅದು. ಹುಲಿಗೆಮ್ಮ ಜ್ವರ ಬಂದು ನಿಜವಾಗಿಯೂ ಒಳಗೆ ಮಲಗಿದ್ದಳು. ತನ್ನನ್ನೇ ಕೇಳುತ್ತಿದ್ದಾರೆಂದು ತಿಳಿದು ಮೊದಲ ಇಬ್ಬರಿಗೆ, "ಇವತ್ತು ಗಂಜಿ ಕುಡ್ದೆ" ಎಂದು ಒಳಗಿನಿಂದಲೇ ಉತ್ತರ ಕೊಟ್ಟಳು. ಶುಕ್ರವಾರ, ಶನಿವಾರ ಯಶೋದಾ ಅಂಗಡಿಗೆ ಹೇಗೆ ಹೋದಳು ಎಂದು ಮಾತ್ರ ಯಾರೂ ಕೇಳಲಿಲ್ಲ.

ಶನಿವಾರ ಮಧ್ಯಾಹ್ನವೇ ವಾಣಿಯನ್ನು ಹರಿಹರಕ್ಕೆ ಕರೆದುಕೊಂಡು ಹೋದರು. ಸಂಜೆ ವಾಮದೇವಪ್ಪನವರ ಕಟ್ಟೆಯ ಮೇಲೆ ಸಭೆ ಕೂಡಿತು. ಭಾನುವಾರ ಬೆಳಗ್ಗೆ ಬೀದಿಯ ಹೆಂಗಸರನ್ನೂ ಪಾತ್ರೆ ಸಾಮಾನುಗಳನ್ನೂ ಒಯ್ಯಲು ಒಂದು ಲಗೇಜ್ ಟೆಂಪೋ ಗೊತ್ತಾಗಿತ್ತು. ಅದರಲ್ಲಿ ಜಾಗವಿಲ್ಲವೆಂದು ಎರಡು ದಿನದಿಂದ ಯಶೋದಾಳ ಕಿವಿಗೆ ಬೀಳುತ್ತಲೇ ಇತ್ತು. ವೀರೇಶ್ ಹೇಳಿದ, "ಅಮೀರ್ ಜಾನ್ ಸೋಮವಾರ ನೋಡ್ತೀನಿ ಅಂದಾನಂತೆ. ಹರಿಹರದಾಗ ಒಬ್ಬ ಮೇಸ್ತ್ರಿ ಅದಾನೆ. ಸತ್ತ ಗಾಡಿಗೂ ಜೀವ ಕೊಡ್ತಾನೆ. ಹೆಂಗೂ ಟೆಂಪೋ ಹೋಗ್ತೈತೆ, ಗಾಡೀನೂ ಹಾಕ್ಕಂಡು ಹೋಗಾಣ."

ಎಲ್ಲರಿಗೂ ಸರಿ ಎನಿಸಿತು. ಗಾಡಿಗೆ ಜಾಗವಾಗಬೇಕಲ್ಲ, ನಾಲ್ಕು ಜನ ಹೆಂಗಸರು ತಾವಾಗಿಯೇ ಬಸ್ಸಿಗೆ ಬರುತ್ತೇವೆಂದರು. ಗಾಡಿ ಏರಿಸಲೆಂದು ಮೂಲೆಯ ಹೊಸ ಕಟ್ಟಡದಿಂದ ಸೆಂಟ್ರಿಂಗ್ ಹಲಗೆ ಬಂತು. ಗಾಡಿ ಅಲುಗಾಡಬಾರದೆಂದು ಮರುಳಸಿದ್ದಮ್ಮ ಹಿತ್ತಿಲಿನ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿಕೊಟ್ಟರು. ಯಶೋದಾ ಕಿಟಕಿಯಲ್ಲಿ ನಿಂತು ಎಲ್ಲ ನೋಡಿದಳು. ಸುಳ್ಳು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಗಾಡಿ ಹೋದರೆ ಗಾಡಿಯವಳನ್ನು ಬಿಟ್ಟು ಹೋಗುತ್ತಾರೆಯೇ ಎಂಬ ಧೈರ್ಯವೂ ಇತ್ತು.

ಬೆಳಗ್ಗೆ ಆರಕ್ಕೆ ಅವಳು ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಊರುಗೋಲು ಹಿಡಿದು ಗೇಟಿನಲ್ಲಿ ನಿಂತಿದ್ದಳು. ಐದು ಜನ ಗಂಡಸರು, "ಹುಷಾರು, ಹುಷಾರು" ಎನ್ನುತ್ತ ಗಾಡಿಯನ್ನು ಹಲಗೆಯ ಮೇಲೆ ಏರಿಸಿ, ಹಗ್ಗ ಬಿಗಿದು, ಬಿಸಿಲು ತಾಗದಂತೆ ಮೇಲೊಂದು ಹೊದಿಕೆ ಹೊಚ್ಚಿದರು. ಹಲಗೆಯನ್ನೂ ಒಳಗೆ ಎಳೆದುಕೊಂಡರು. ವಾಮದೇವಪ್ಪ ಮುಂದಿನ ಸೀಟು ಹತ್ತಿ ಅವಳ ಕಡೆ ತಿರುಗಿದರು.

"ಯಶೋದಾ, ಗಾಡಿ ಚಿಂತೆ ಬ್ಯಾಡ. ನಮ್ಮ ಮನೆ ಹುಡುಗಿ ಕರ್ಕಂಡು ಹೋದಂಗೆ ಕರ್ಕಂಡು ಹೋಗ್ತೀವಿ."

"ನಾನು, ಸಾವ್ಕಾರ್ರೇ?"

"ನಿನಗ್ಯಾಕೆ ತೊಂದ್ರೆ" ಅಂದರು ವಾಮದೇವಪ್ಪ, ನಿಜವಾದ ಮರುಕದಿಂದ. ಟೆಂಪೋ ಹೊರಟಿತು.

ಯಶೋದಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೀದಿಯ ಮೇಲೆ ಬಂತು, ಸರಿಯಾಗಿ ಲೆಕ್ಕ ಹಾಕಿದ ಅಮೀರ್ ಜಾನನ ಮೇಲೆ ಬಂತು, ಪರೀಕ್ಷೆ ಇಟ್ಟು ತಾನೇ ನಪಾಸಾದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಒಂದು ತಾಸು ಹೂ ಮುಡಿದುಕೊಂಡೇ ಕೂತಳು. ಆಮೇಲೆ ಅಮ್ಮನಿಗೆ ಗಂಜಿ, ಮಾತ್ರೆ ಕೊಟ್ಟು ಆಟೊ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದಳು. ವಾಣಿ ಒಬ್ಬಳ ಬಾಯಿಂದ ಕೇಳಬೇಕಿತ್ತು, ಬಾ ಅಂತಲೋ ಬ್ಯಾಡ ಅಂತಲೋ.

ಹೆಂಗಸೆಂದು ಬಸ್ಸು ಪುಕ್ಕಟೆ, ಅದು ಸಾಲದೆಂದು ಅಂಗವಿಕಲರ ಪಾಸೂ ಅವಳ ಚೀಲದಲ್ಲಿತ್ತು. ದುಬಾರಿ ಎಂದರೆ ಹತ್ತುವುದೊಂದೇ. ಮೊದಲ ಮೆಟ್ಟಿಲು ಅವಳ ಮೊಣಕಾಲಿನ ಎತ್ತರಕ್ಕಿತ್ತು. ಎರಡು ಬಸ್ಸು ಬಿಟ್ಟಳು. ಮೂರನೆಯದಕ್ಕೆ ಊರುಗೋಲನ್ನು ಮೊದಲು ಒಳಗೆಸೆದು, ಕಂಬಿ ಹಿಡಿದು, ಮೆಟ್ಟಿಲ ಮೇಲೆ ಕೂತು ಹಿಮ್ಮುಖವಾಗಿ ಏರಿದಳು. ರೇಷ್ಮೆ ಸೀರೆಯ ಅಂಚಿಗೆ ಗ್ರೀಸ್ ಹತ್ತಿತು. ಅಂಗವಿಕಲರಿಗೆ ಎಂದು ಬರೆದ ಸೀಟಿನಲ್ಲಿ ಗಟ್ಟಿಮುಟ್ಟಾದ ಒಬ್ಬ ಕಣ್ಣುಮುಚ್ಚಿ ಕೂತಿದ್ದ. ಕಂಡಕ್ಟರ್ ತಟ್ಟಿ ಎಬ್ಬಿಸಿದ. ಪಕ್ಕದ ಹೆಂಗಸು ಅವಳ ಕಾಲು, ಸೀರೆ, ಹೂವು ಎಲ್ಲ ನೋಡಿ ಮುಗಿಸಿ ಕೇಳಿದಳು.

"ಒಬ್ರೇ ಯಾಕ ಬಂದ್ರಿ? ನಿಮಗೆ ಗಾಡಿ ಕೊಡ್ತಾರಂತಲ್ಲ ಸರ್ಕಾರದೋರು."

"ಕೊಟ್ಟಾರೆ" ಅಂದಳು ಯಶೋದಾ. "ಅದು ಮದುವೆಗೆ ಹೋಗೈತೆ."

ಬಸ್ಸು ಊರು ಬಿಟ್ಟು ಹೆದ್ದಾರಿಗೆ ಬಿದ್ದಾಗ ಫೋನ್ ಬಂತು. ವೀರೇಶ್. ಯಶೋದಾ ಅವಸರದಿಂದ ಕಿವಿಗಿಟ್ಟಳು. ವಾಣಿ ಕೇಳಿರಬೇಕು, ಕರೆಸಿರಬೇಕು.

"ಯಶೋದಕ್ಕಾ, ಗಾಡಿ ಹಿಂದಿನ ಪೆಟ್ಟಿಗೆ ಕೀ ಎಲ್ಲೈತೆ?"

"ನನ್ನ ಹತ್ರ. ಯಾಕ?"

"ಬಾಸಿಂಗ ಎಲ್ಲೈತಂತ ಮುಂಜಾನೆಯಿಂದ ಹುಡುಕಿ ಹುಡುಕಿ ಸಾಕಾತು. ನೀವು ಗುರುವಾರ ತಂದದ್ದು ಪೆಟ್ಟಿಗ್ಯಾಗೇ ಉಳಿದೈತಂತೆ. ವಾಣಿಗೆ ಈಗ ನೆನಪಾತು."

ಯಶೋದಾಳಿಗೂ ಆಗಲೇ ನೆನಪಾದದ್ದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬುದು ಇದಕ್ಕೇ. ಕೂಸು ಮಂಟಪದ ಬಾಗಿಲಲ್ಲೇ ನಿಂತಿತ್ತು, ಬೀಗದ ಒಳಗೆ.

"ಒಡಿಬೇಕು ಅಂದ್ರೆ ಅವ್ವ ಬಿಡವಲ್ಲಳು, ಗಾಡಿಗೆ ಪೆಟ್ಟಾಗ್ತೈತಂತೆ" ಎಂದು ವೀರೇಶ್ ದನಿ ತಗ್ಗಿಸಿದ. "ಬೀಗರ ಕಡೆಯೋರಿಗೆ ಗೊತ್ತಾಗಬಾರ್ದು ಬ್ಯಾರೆ. ಹರಿಹರಕ್ಕೆ ಬರೋರು ಯಾರಾದ್ರೂ ಇದ್ರೆ ಕೀ ಕೊಟ್ಟು ಕಳ್ಸಕ್ಕ, ಪುಣ್ಯ ಬರ್ತೈತೆ."

"ಒಬ್ಬಳು ಬರ್ತಿದಾಳೆ."

"ಯಾರು?"

"ಹಸಿರು ಸೀರೆ ಉಟ್ಟಾಳೆ, ನೋಡಿದ ಕೂಡ್ಲೇ ಗೊತ್ತಾಗ್ತೈತೆ" ಎಂದು ಯಶೋದಾ ಫೋನ್ ಇಟ್ಟಳು.

ಕಲ್ಯಾಣ ಮಂಟಪ ನದಿಯ ಕಡೆ ಹೋಗುವ ರಸ್ತೆಯಲ್ಲಿತ್ತು. ಆಟೊ ಇಳಿದವಳಿಗೆ ಮೊದಲು ಕಂಡದ್ದು ಅವಳ ಗಾಡಿ. ಭಾನುವಾರವೆಂದು ಆ ಮೇಸ್ತ್ರಿಯ ಶೆಡ್ಡಿಗೆ ಬೀಗ, ಹಾಗಾಗಿ ಗಾಡಿಯನ್ನು ಮಂಟಪದ ನೆರಳಿನಲ್ಲೇ ನಿಲ್ಲಿಸಿದ್ದರು. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಮುಂದಿನ ದೀಪಕ್ಕೆ ಕುಂಕುಮ. ಬೀಗರ ಮಕ್ಕಳು ಸರದಿಯ ಮೇಲೆ ಹತ್ತಿ ಕೂರುತ್ತಿದ್ದರು. ಬಂದವರೆಲ್ಲ ಮಾತಾಡಿಸಿ ಹೋಗುವ ಹಿರಿಯ ನೆಂಟನಂತೆ ಅದು ಸುಖವಾಗಿ ನಿಂತಿತ್ತು.

ವೀರೇಶ್, ಮರುಳಸಿದ್ದಮ್ಮ, ವಾಮದೇವಪ್ಪ ಎಲ್ಲ ಗೇಟಿನಲ್ಲೇ ಕಾಯುತ್ತಿದ್ದರು. ಅವಳನ್ನು ಕಂಡು ಮರುಳಸಿದ್ದಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ನಮ್ಮವ್ವ, ನೀನು ಹೆಂಗೆ ಬಂದಿ? ಗಾಡಿ ಇಲ್ಲೈತಲ್ಲ."

ಯಶೋದಾ ಚೀಲಕ್ಕೆ ಕೈಹಾಕಿದಳು. ಕೀ ಕೊಟ್ಟಳು. ಪೆಟ್ಟಿಗೆ ತೆರೆದು ವೀರೇಶ್ ಬಾಸಿಂಗವನ್ನು ಟವಲಿನಲ್ಲಿ ಮುಚ್ಚಿಕೊಂಡು ಓಡಿದ. ಆಗ ಗಾಡಿಯ ಪಕ್ಕದ ಕಿಟಕಿ ತೆರೆಯಿತು. ಒಳಗೆ ಅರ್ಧ ಅಲಂಕಾರವಾದ ವಾಣಿ.

"ಅಕ್ಕಾ, ಎಲ್ಲಿದ್ದಿ ಇಷ್ಟೊತ್ತು? ಮುಂಜಾನೆ ಕಿಟಕಿ ತೆಗ್ದು ನಾನು ಮೊದ್ಲು ನೋಡಿದ್ದೇ ಇಲ್ಲಿ. ಗಾಡಿ ನಿಂತಿತ್ತು. ಅಕ್ಕ ಬಂದಾಳೆ, ಇನ್ನೇನೂ ಭಯ ಇಲ್ಲ ಅಂದ್ಕಂಡೆ. ಅಡಿಗೆ ಮನ್ಯಾಗ ಇರ್ಬೇಕು ಅಂತ ಸುಮ್ನಿದ್ದೆ."

ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ಅದೇ ಯಶೋದಾಳಿಗೆ ಹೆಚ್ಚು ನೋವಾದದ್ದು. ವಾಣಿಗೆ ಅವಳು ಬೇಕಿತ್ತು, ನಿಜ. ಆದರೆ ಅವಳಿದ್ದಾಳೆಂದು ನೆಮ್ಮದಿಯಾಗಲು ಅವಳೇ ಇರಬೇಕಾಗಿರಲಿಲ್ಲ. ತಾನು ದಾವಣಗೆರೆಯ ಮನೆಯಲ್ಲಿ ಹೂ ಮುಡಿದು ಕೂತಿದ್ದ ಹೊತ್ತಿಗೆ ತನ್ನ ಹೆಸರಿನಲ್ಲಿ ಗಾಡಿ ಇಲ್ಲಿ ಹಾಜರಿ ಹಾಕಿತ್ತು.

ಇನ್ನು ಈ ನಾಟಕ ಸಾಕೆನಿಸಿತು. ಮಕ್ಕಳನ್ನು ಇಳಿಸಿ, ಗಾಡಿಯ ಮೇಲೆ ಕೂತು, ಸೀಟಿನಂಚಿಗೆ ಬೆರಳು ತೂರಿಸಿ ಗುಂಡಿಯನ್ನು ಮತ್ತೆ ಒತ್ತಿದಳು. ಕೀ ತಿರುಗಿಸಿದಳು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಎಲ್ಲರೂ ಬಾಯಿ ಬಿಟ್ಟು ನೋಡಿದರು.

"ಗಾಡಿ ಕೆಟ್ಟೇ ಇರ್ಲಿಲ್ಲ" ಅಂದಳು ಯಶೋದಾ. "ನಾನೇ ಬಂದ್ ಮಾಡಿದ್ದೆ. ಗಾಡಿ ಇಲ್ದಿದ್ರೂ ಕರೀತೀರೇನು ಅಂತ ನೋಡ್ಬೇಕಿತ್ತು."

ಮರುಳಸಿದ್ದಮ್ಮ ಗುಡಿಯ ದಿಕ್ಕಿಗೆ ಕೈಮುಗಿದರು. "ಹರಿಹರೇಶ್ವರ ದೊಡ್ಡೋನು. ಇಲ್ಲಿ ಮಣ್ಣು ಮುಟ್ಟಿದ್ದೇ ತಡ, ಸರಿಯಾತು ನೋಡ್ರಿ."

"ಅಮ್ಮಾರೇ, ಕೆಟ್ಟಿರ್ಲಿಲ್ಲ ಅಂತಿದೀನಿ."

"ಅದನ್ನೇ ನಾವೂ ಅನ್ನೋದು ಕಣವ್ವ, ಸರಿ ಐತೆ ಅಂತ" ಎಂದರು ವಾಮದೇವಪ್ಪ. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯಂತಾಯಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ, ಗಾಡಿ ಉಳಿಯಿತೆಂಬ ಸಮಾಧಾನವೊಂದೇ ಇತ್ತು. ಮೂರು ದಿನ ಹೊತ್ತ ಗುಟ್ಟನ್ನು ಬಿಚ್ಚಿದರೆ ಅದನ್ನು ಕೇಳಿಸಿಕೊಳ್ಳುವವರೂ ಸಿಗಲಿಲ್ಲ. ಬಸ್ಸಿಗೆ ಬಂದಿದ್ದ ನಾಲ್ವರು ಹೆಂಗಸರಲ್ಲಿ ಒಬ್ಬಳು ಆಗಲೇ, "ವಾಪಸ್ ಹೋಗೋವಾಗ ನನಗೊಂದು ಸೀಟ್ ಇರ್ಲಿ ಯಶೋದಾ" ಎಂದು ಗಾಡಿಯ ಹಿಂಬದಿಯನ್ನು ಕೈಯಿಂದ ಒರೆಸಿ ಕಾದಿರಿಸಿದಳು.

ಮಂಟಪಕ್ಕೆ ಏಳು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಯಶೋದಾ ಸುತ್ತು ಹಾಕಿ ಅಡಿಗೆಮನೆಯ ಕಡೆ ಬಂದಳು. ಅಲ್ಲಿ ಅನ್ನದ ಕೊಪ್ಪರಿಗೆ ಎಳೆಯಲು ಅಡಿಗೆಯವರು ಬಾಗಿಲಿಗೆ ಒಂದು ಹಲಗೆ ಹಾಕಿಕೊಂಡಿದ್ದರು. ನೋಡಿದರೆ ಬೆಳಗಿನ ಹಲಗೆಯೇ. ಊರುಗೋಲು ಊರಿ ಹತ್ತಿದಳು, ಆರು ಹೆಜ್ಜೆಗೆ ಒಳಗಿದ್ದಳು. ತಾಳಿ ಕಟ್ಟುವಾಗ ವಾಣಿ ತಿರುಗಿ ಅವಳನ್ನು ಹುಡುಕಿ ನೋಡಿದಳು. ಯಶೋದಾ ಅಕ್ಷತೆ ಹಾಕಿದಳು. ಮೊದಲ ಪಂಕ್ತಿಯಲ್ಲೇ ಕೂತು ಎರಡು ಹೋಳಿಗೆ ಉಂಡಳು, ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು.

ನಾಲ್ಕು ಗಂಟೆಗೆ ಟೆಂಪೋ ಹೊರಡಲು ಸಜ್ಜಾಯಿತು. ಗಾಡಿಯ ಸುತ್ತ ಐದಾರು ಜನ ನೆರೆದು, ಯಾರು ಮೊದಲು, ಯಾರದು ಎರಡನೇ ಟ್ರಿಪ್ಪು ಎಂದು ಚರ್ಚೆ ನಡೆಸಿದ್ದರು. ಯಶೋದಾ ನಿಧಾನವಾಗಿ ಬಂದು ಕೀಯನ್ನು ವೀರೇಶನ ಕೈಗಿಟ್ಟಳು.

"ಗಾಡಿ ನೀನು ಹೊಡ್ಕಂಡು ಬಾ. ಯಾರ್ನ ಬೇಕಾದ್ರೂ ಕೂಡಿಸ್ಕ."

"ಮತ್ತೆ ನೀನು?"

"ಟೆಂಪೋದಾಗ ಬರ್ತೀನಿ."

"ಟೆಂಪೋದಾಗ ಎಲ್ಲಿ ಜಾಗ" ಎಂದು ವಾಮದೇವಪ್ಪ ಅಭ್ಯಾಸಬಲದಿಂದ ಶುರುಮಾಡಿದರು. "ನಿನಗ್ಯಾಕೆ—"

"ಗಾಡಿ ನಿಂತಿತ್ತಲ್ಲ ಸಾವ್ಕಾರ್ರೇ, ಆ ಜಾಗ. ನಾನು ಅದಕ್ಕಿಂತ ಸಣ್ಣೋಳೇ ಅದೀನಿ" ಅಂದಳು ಯಶೋದಾ. "ಅದಕ್ಕೆ ಹಾಕಿದ್ದ ಹಲಗೆ ಅಡಿಗೆ ಮನೆ ಬಾಗ್ಲಾಗೈತೆ. ತರಿಸ್ರಿ."

ವಾಮದೇವಪ್ಪ ಅವಳನ್ನು ನೋಡಿದರು, ಗಾಡಿಯನ್ನು ನೋಡಿದರು, ಕೊನೆಗೆ ತಾವೇ ಅಡಿಗೆಮನೆಯ ಕಡೆ ಹೋದರು. ಹಲಗೆ ಬಂತು, ಅದರ ಮೇಲೆ ಅನ್ನದ ಅಗುಳು ಇನ್ನೂ ಅಂಟಿತ್ತು. ಒಂದು ಕಡೆ ಅವರೇ ಕಾಲಿನಿಂದ ಒತ್ತಿ ಹಿಡಿದು, ಬೆಳಗ್ಗೆ ಗಾಡಿ ಏರಿಸಿದವರ ದನಿಯಲ್ಲೇ, "ಹುಷಾರು, ಹುಷಾರು" ಅಂದರು. ಯಶೋದಾ ಏರಿದಳು. ಹೆಂಗಸರು ಸರಿದು ಜಾಗ ಬಿಟ್ಟರು. ಅಲ್ಲಿ ಗಾಲಿಯ ಮಣ್ಣಿನ ಗುರುತು ಹಾಗೇ ಇತ್ತು, ಅದರ ಮೇಲೆಯೇ ಕಾಲು ಚಾಚಿ ಕೂತಳು.

ಟೆಂಪೋ ಅಲುಗಿದಾಗ ಮರುಳಸಿದ್ದಮ್ಮ ಪಕ್ಕದಲ್ಲಿ ಸುತ್ತಿಟ್ಟಿದ್ದ ಬಟ್ಟೆಯ ಹಗ್ಗದ ಒಂದು ತುದಿಯನ್ನು ಕಂಬಿಗೆ ಬಿಗಿದು, ಇನ್ನೊಂದು ತುದಿಯನ್ನು ಅಕ್ಕರೆಯಿಂದ ಅವಳ ಕೈಗಿತ್ತರು.

"ಗಟ್ಟಿ ಹಿಡ್ಕಳೇ ಯಶೋದಾ. ಬರೋವಾಗ ಗಾಡಿಗೂ ಇದನ್ನೇ ಕಟ್ಟಿದ್ವಿ, ಒಂಚೂರೂ ಅಲ್ಲಾಡ್ಲಿಲ್ಲ."